ಅಟ್ಟದ ಮೇಲಿನ ಕೂಣಿ

ಹೋದ ತಿಂಗಳು ಊರಿಗೆ ಹೋಗಿದ್ದೆ. ಹಳೇ ಮನೆಯ ಹಂಚು ತೆಗೆದು ಶೀಟ್ ಹಾಕಿಸೋದು ಅಂತ ತೀರ್ಮಾನವಾಗಿತ್ತು. ಅಟ್ಟ ಖಾಲಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಒಡೆದ ಹಂಡೆ, ಕಾಲಿಲ್ಲದ ತೊಟ್ಟಿಲು, ಇಲಿ ತಿಂದ ಪಂಚಾಂಗಗಳ ಕಟ್ಟು ಎಲ್ಲ ಕೆಳಗಿಳಿಸಿದ ಮೇಲೆ ಮೂಲೆಯಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ಕೂಣಿ ಸಿಕ್ಕಿತು. ನನ್ನ ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಪ್ಪಾ, ಇದರೊಳಗೆ ಬಲ್ಬ್ ಹಾಕಿದ್ರೆ ಸಖತ್ತಾಗಿರತ್ತೆ" ಅಂದಳು. ಬೆಂಗಳೂರಲ್ಲಿ ಹುಟ್ಟಿದ ಹುಡುಗಿ, ಅವಳ ತಪ್ಪಲ್ಲ ಬಿಡಿ.

ಸೊರಬ, ಸಾಗರ, ಸಿದ್ದಾಪುರದ ಕಡೆಯವರಿಗೆ ಕೂಣಿ ಅಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ: ಬಿದಿರಿನ ಸೀಳುಗಳನ್ನು ಹಗ್ಗದಿಂದ ಹೆಣೆದು ಮಾಡಿದ, ತಳವಿಲ್ಲದ ಬುಟ್ಟಿ ಅದು. ಕೆಳಗಿನ ಬಾಯಿ ಅಗಲ, ಮೇಲಿನ ಬಾಯಿ ಒಂದು ಕೈ ಹೋಗುವಷ್ಟು. ಮೊಣಕಾಲುದ್ದದ ಕೆಸರು ನೀರಲ್ಲಿ ಅದನ್ನು ದಬಕ್ಕನೆ ಊರಬೇಕು. ಒಳಗೆ ಮೀನು ಸಿಕ್ಕಿಕೊಂಡರೆ ಬಿದಿರಿಗೆ ಬಡಿಯುತ್ತದೆ, ಆ ಬಡಿತ ಅಂಗೈಗೆ ಗೊತ್ತಾಗುತ್ತದೆ. ಮೇಲಿನ ಬಾಯಿಂದ ಕೈ ಹಾಕಿ, ಕೆಸರಲ್ಲಿ ತಡಕಿ, ಹಿಡಿದು ಸೊಂಟದ ಚೀಲಕ್ಕೆ. ಅಷ್ಟೇ ತಂತ್ರಜ್ಞಾನ!

ಇದು ಕೆರೆಬೇಟೆಯ ಆಯುಧ. 2024ರಲ್ಲಿ ಇದೇ ಹೆಸರಿನ ಸಿನಿಮಾ ಬಂದಮೇಲೆ ಕೆರೆಬೇಟೆ ಅನ್ನೋ ಮಾತು ಘಟ್ಟದ ಆಚೆಯವರಿಗೂ ಗೊತ್ತಾಗಿದೆ. ನಾನು ಮೊದಲ ಸಲ ಕೆರೆಗೆ ಇಳಿದದ್ದು 1987ರ ಬೇಸಿಗೆಯಲ್ಲಿ, ನನಗೆ ಹನ್ನೊಂದು ವರ್ಷ. ಯುಗಾದಿ ಕಳೆದು ನೀರು ಸೊಂಟದಿಂದ ಮೊಣಕಾಲಿಗೆ ಇಳಿದಾಗ ಊರವರು ಕೂತು ದಿನ ಗೊತ್ತು ಮಾಡುತ್ತಿದ್ದರು. ಸುತ್ತಲ ಹಳ್ಳಿಗಳಿಗೆ ಸುದ್ದಿ ಹೋಗುತ್ತಿತ್ತು. ಕೂಣಿಗೆ 5 ರೂಪಾಯಿ. ಆ ದುಡ್ಡು ಊರಿನ ದೇವಸ್ಥಾನಕ್ಕೆ. ಬೆಳಿಗ್ಗೆಯೇ ಏರಿಯ ಮೇಲೆ ಜನವೋ ಜನ, ಸೈಕಲ್ಲಿಗೆ ಕೂಣಿ ಕಟ್ಟಿಕೊಂಡು ಬಂದವರು, ಎತ್ತಿನ ಗಾಡಿಯಲ್ಲಿ ಬಂದವರು. ಕೆರೆಗೆ ಪೂಜೆ ಆಗುವ ತನಕ ಒಬ್ಬನೂ ಕಾಲು ನೆನೆಸುವ ಹಾಗಿಲ್ಲ. ಆಮೇಲೆ ಯಾರೋ ಒಂದು ಗರ್ನಾಲು ಹಚ್ಚಿದರು... ಢಂ! ನೂರಾರು ಜನ ಒಟ್ಟಿಗೆ ನೀರಿಗೆ. ದೊಡ್ಡಪ್ಪ ನನ್ನ ಚಡ್ಡಿಯ ಹಿಂಭಾಗ ಹಿಡಿದುಕೊಂಡೇ ಓಡಿದ್ದರು, ತುಳಿತಕ್ಕೆ ಸಿಗಬಾರದಲ್ಲ. ಹತ್ತೇ ನಿಮಿಷದಲ್ಲಿ ಕೆರೆಯ ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ನನ್ನ ಕೈಗೆ ಮೊದಲು ಸಿಕ್ಕಿದ್ದು ಚೇಳು ಮೀನು. ಹೆಸರೇ ಹೇಳುವಂತೆ ಅದರ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ನೆಟ್ಟು ಸಂಜೆಯ ತನಕ ಅತ್ತಿದ್ದೆ. ದೊಡ್ಡಪ್ಪನಿಗೆ ಎರಡು ಕುಚ್ಚು ಮೀನು, ನಾಲ್ಕು ಮುರುಗೋಡು, ಒಂದಷ್ಟು ಗೆಂಡೆ. ಎರಡು ಗಂಟೆ ಹೊತ್ತಿನ ಆಟ. ಪೀಪಿ ಊದಿದ ಮೇಲೆ ಎಲ್ಲರೂ ದಡಕ್ಕೆ.

ಆ ಕೂಣಿಯನ್ನು ಬೆಂಗಳೂರಿಗೆ ತಂದಿದ್ದೇನೆ. ತಂದ ದಿನದಿಂದ ತಲೆಯಲ್ಲಿ ಒಂದೇ ಹುಳ. ಕೆರೆಯ ಮೀನು ಯಾರದ್ದು? ಈ ಪ್ರಶ್ನೆ ನನ್ನದಲ್ಲ, ದೊಡ್ಡಪ್ಪನದು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಸದ್ಯ ಸ್ವಲ್ಪ ಹಿಂದೆ ಹೋಗೋಣ, ಸುಮಾರು ಒಂಬೈನೂರು ವರ್ಷ!

ನಮ್ಮ ನೆಲದಲ್ಲಿ ಮೀನು ಹಿಡಿಯೋದರ ಬಗ್ಗೆ ಕೂತು ಒಂದು ಅಧ್ಯಾಯವನ್ನೇ ಬರೆದವನು ಒಬ್ಬ ರಾಜ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ಭೂಲೋಕಮಲ್ಲ ಅನ್ನೋ ಬಿರುದಿನವನು. 1126ರಿಂದ 1138ರವರೆಗೆ ಆಳಿದ. ಅವನ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿದೆ, ನೂರು ಅಧ್ಯಾಯಗಳ ಗ್ರಂಥ. ಅದರಲ್ಲಿ ಆನೆಯಿಂದ ಹಿಡಿದು ಅಡುಗೆಯ ತನಕ ಎಲ್ಲ ಇದೆ. ರಾಜನ ವಿನೋದಗಳ ಭಾಗದಲ್ಲಿ 'ಮತ್ಸ್ಯವಿನೋದ' ಅಂತಲೇ ಒಂದು ಅಧ್ಯಾಯವಿದೆ. ಸಮುದ್ರದ್ದು, ಸಿಹಿನೀರಿನದು ಸೇರಿ ಸುಮಾರು 35 ಬಗೆಯ ಮೀನುಗಳ ವಿವರ ಅಲ್ಲಿದೆ. ಯಾವುದಕ್ಕೆ ಪೊರೆ (ಹುರುಪೆ) ಇದೆ, ಯಾವುದಕ್ಕಿಲ್ಲ, ಯಾವುದಕ್ಕೆ ಏನು ಆಹಾರ, ಗಾಳದ ದಾರ ಹೇಗಿರಬೇಕು, ಕೋಲು ಹೇಗಿರಬೇಕು ಅಂತೆಲ್ಲ. ಗಾಳ ಹಾಕುವ ಮೊದಲು ಕೆಲವು ದಿನ ಒಂದೇ ಜಾಗದಲ್ಲಿ ಉಂಡೆ ಹಾಕಿ ಮೀನುಗಳಿಗೆ ಅಭ್ಯಾಸ ಮಾಡಿಸಬೇಕು ಅನ್ನೋ ಉಪಾಯವೂ ಇದೆ. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಮ್ಮ ದೊಡ್ಡಪ್ಪ ತೂಬಿನ ಹತ್ತಿರ ಮೂರು ದಿನ ಮೊದಲೇ ಅನ್ನ, ತೌಡಿನ ಉಂಡೆ ಎಸೆದು ಬರುತ್ತಿದ್ದರು! ಮಾನಸೋಲ್ಲಾಸದ ಹೆಸರೂ ಕೇಳದ ಮನುಷ್ಯ.

ಈ ಅಧ್ಯಾಯವನ್ನು ವಿಜ್ಞಾನಿಗಳ ಕಣ್ಣಿಗೆ ಬೀಳಿಸಿದವರು ಮೀನುಗಳ ತಜ್ಞರಾದ ಸುಂದರ್ ಲಾಲ್ ಹೋರಾ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದವರು, 1951ರಲ್ಲಿ ಇದರ ಮೇಲೆ ಒಂದು ಲೇಖನ ಬರೆದರು. ತಮಾಷೆ ನೋಡಿ, ಕನ್ನಡ ನಾಡಿನ ರಾಜ ಬರೆದದ್ದನ್ನು ಪಂಜಾಬಿ ವಿಜ್ಞಾನಿಯೊಬ್ಬ ಕಲಕತ್ತೆಯಲ್ಲಿ ಕೂತು ಹುಡುಕಿ ಹೇಳಬೇಕಾಯಿತು.

ಆದರೆ ಸೋಮೇಶ್ವರನಿಗೆ ದೊಡ್ಡಪ್ಪನ ಪ್ರಶ್ನೆ ಹುಟ್ಟುವ ಹಾಗೇ ಇರಲಿಲ್ಲ. ನೀರೂ ಅವನದೇ, ಮೀನೂ ಅವನದೇ. ಅವನಿಗದು ವಿನೋದ. ಇದೇ ಕಲ್ಯಾಣದಲ್ಲಿ ಮೂವತ್ತು ವರ್ಷಗಳ ನಂತರ ಶರಣರ ನಡುವೆ ಕೂತ ಅಂಬಿಗರ ಚೌಡಯ್ಯ ನೀರನ್ನೇ ನಂಬಿ ಬದುಕಿದವನು. ಇಬ್ಬರನ್ನೂ ಒಂದೇ ದಡದಲ್ಲಿ ಕೂರಿಸಿದ್ದರೆ ಏನು ಮಾತಾಡುತ್ತಿದ್ದರೋ ಅಂತ ಸುಮ್ಮನೆ ಅಂದುಕೊಳ್ಳುತ್ತೇನೆ.

ನಮ್ಮ ಕಡೆ ಕೆರೆಗಳು ಸೋಮೇಶ್ವರನಿಗಿಂತ ಎಷ್ಟೋ ಹಳೆಯವು. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಮಯೂರಶರ್ಮ ಕಂಚಿಗೆ ಹೋದದ್ದು, ಅವಮಾನವಾದದ್ದು, ಕದಂಬ ರಾಜ್ಯ ಕಟ್ಟಿದ್ದು. ಮೇಷ್ಟ್ರು ಅಷ್ಟು ಹೇಳಿ ಬಿಟ್ಟುಬಿಡುತ್ತಾರೆ. ಐದನೇ ಶತಮಾನದ ಆ ಶಾಸನದಲ್ಲಿ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ದೊಡ್ಡ ಕೆರೆ ಕಟ್ಟಿಸಿದ ಸಂಗತಿಯೂ ಇದೆ ಅಂತ ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಮುಂದಿನ ಶತಮಾನಗಳ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಅಂತ ಹೆಸರುಗಳಿವೆ. ಇನ್ನು ಚೋಳರ ಕಾಲದ ತಮಿಳು ಶಾಸನಗಳಲ್ಲಿ ಪಾಶಿಪಾಟ್ಟಂ ಅನ್ನೋ ಮಾತು ಬರುತ್ತದೆ. ಕೆರೆಯ ಮೀನಿನ ಗುತ್ತಿಗೆಯಿಂದ ಬಂದ ಹಣ ಅದು. ಅದನ್ನು ಅದೇ ಕೆರೆಯ ಹೂಳು ತೆಗೆಯಲು, ಏರಿ ರಿಪೇರಿಗೆ ಕೊಡುತ್ತಿದ್ದರು. ಅಂದರೆ ಮೀನಿಗೆ ಗುತ್ತಿಗೆ ಅನ್ನೋದು ಸರ್ಕಾರ ಮೊನ್ನೆ ಕಂಡುಹಿಡಿದದ್ದಲ್ಲ. ವ್ಯತ್ಯಾಸ ಒಂದೇ, ಮೀನಿನ ದುಡ್ಡು ಕೆರೆಗೇ ವಾಪಸ್ ಹೋಗುತ್ತಿತ್ತು. ನಮ್ಮೂರ ಕೂಣಿಯ 5 ರೂಪಾಯಿ ದೇವಸ್ಥಾನಕ್ಕೆ ಹೋಗುತ್ತಿತ್ತಲ್ಲ, ಅದೂ ಇದೇ ಜಾತಿಯ ಲೆಕ್ಕ.

ಇಂಗ್ಲಿಷರ ಕಾಲಕ್ಕೆ ಬಂದರೆ ಮತ್ತೊಬ್ಬ ಗಾಳದ ಹುಚ್ಚ ಸಿಗುತ್ತಾನೆ. ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. ಅವನ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಲ್ಲೇ ಅಚ್ಚಾಯಿತು. ನದಿಗಳ ದೊಡ್ಡ ಮೀನಿನ ಪುಸ್ತಕ ಅದು. ಆಮೇಲೆ 1887ರಲ್ಲಿ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಅಂತ ಕೆರೆಯ ಗಾಳದ ಬಗ್ಗೆಯೇ ಪ್ರತ್ಯೇಕ ಪುಸ್ತಕ ಬರೆದ. (ತೇಜಸ್ವಿಯವರನ್ನು ಓದಿದವರಿಗೆ ಈ ಹುಚ್ಚಿನ ಬಗ್ಗೆ ವಿವರಿಸಬೇಕಿಲ್ಲ.) ಥಾಮಸ್, ಭಾರತದ ಮೀನುಗಳ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ ಇವರೆಲ್ಲ ಮೀನಿನ ಸಂತತಿ ಇಳಿಯುತ್ತಿದೆ, ವಿಷ ಹಾಕುತ್ತಾರೆ, ಮರಿಗಳನ್ನೂ ಬಿಡದೆ ಹಿಡಿಯುತ್ತಾರೆ ಅಂತ ಬರೆದರು. ಸುಳ್ಳೇನಲ್ಲ. ನಮ್ಮಲ್ಲೂ ಕಾರೆಕಾಯಿ ಜಜ್ಜಿ ಹಳ್ಳದ ಗುಂಡಿಗೆ ಹಾಕುವವರಿದ್ದರು. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂದು ವಿಷ, ಸಿಡಿಮದ್ದು ಎರಡನ್ನೂ ಅಪರಾಧ ಮಾಡಿತು. ಸೊರಬ ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಆ ಕಾಯಿದೆ ನೇರವಾಗಿ ನಮಗೆ ತಟ್ಟಲಿಲ್ಲ. ಮೈಸೂರಿನಲ್ಲಿ 1901ರಲ್ಲಿ ಬೇಟೆ ಮತ್ತು ಮೀನಿನ ರಕ್ಷಣೆಗೆಂದೇ ಬೇರೆ ರೆಗ್ಯುಲೇಷನ್ ಬಂತು.

ಇಷ್ಟೆಲ್ಲ ಆದರೂ ಹಳ್ಳಿಯ ಪುಟ್ಟ ಕೆರೆಗೆ ಹುಡುಗನೊಬ್ಬ ಗಾಳ ಹಾಕಿದರೆ ಕೇಳುವವರಿರಲಿಲ್ಲ. ಯಾಕೆ? ನನ್ನ ಉತ್ತರ ಇಷ್ಟು: ಆ ಮೀನನ್ನು ಯಾರೂ ಬಿಟ್ಟಿರಲಿಲ್ಲ.

ಮಲೆನಾಡಿನ ಕೆರೆಗೆ ಮೀನು ತಾನಾಗಿ ಬರುತ್ತಿತ್ತು. ಜೂನಿನ ಮೊದಲ ಜೋರು ಮಳೆಗೆ ಕೆರೆ ಕೋಡಿ ಬೀಳುತ್ತದೆ. ಕೆಳಗಿನ ಹಳ್ಳದಲ್ಲಿದ್ದ ಮೀನು ಮೊಟ್ಟೆ ತುಂಬಿಕೊಂಡು ಆ ನೀರಿಗೆ ಎದುರಾಗಿ ಹತ್ತಿ ಗದ್ದೆಗೆ, ಕೆರೆಗೆ ಬರುತ್ತದೆ. ಹತ್ತುಮೀನು ಅನ್ನೋದು ಅದಕ್ಕೇ. ರಾತ್ರಿ ಟಾರ್ಚು, ಕತ್ತಿ ಹಿಡಿದು ಗದ್ದೆ ಅಂಚಿನಲ್ಲಿ ಅಲೆದವರು ನಿಮ್ಮಲ್ಲೂ ಇರಬಹುದು. ಕುಚ್ಚು ಮೀನು (ಬೆಂಗಳೂರು ಕಡೆ ಇದನ್ನೇ ಕೊರಮೀನು ಅಂತಾರೆ), ಮುರುಗೋಡು, ಚೇಳು ಮೀನು ಇವೆಲ್ಲ ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಹಾಗಾಗಿ ಬೇಸಿಗೆಯಲ್ಲಿ ಕೆರೆ ಬತ್ತಿ ಬರೀ ಕೆಸರು ಉಳಿದರೂ ಅದರಲ್ಲೇ ಜೀವ ಹಿಡಿದುಕೊಂಡಿರುತ್ತವೆ. ಕೂಣಿ ಹುಟ್ಟಿದ್ದೇ ಈ ಕೆಸರಿನ ಮೀನಿಗಾಗಿ. ಕುಚ್ಚು ಮೀನಿನ ಮರಿಗಳು ಕೆಂಪಗೆ ಗೊಂಚಲಾಗಿ ನೀರಿನ ಮೇಲೆ ತೇಲುವಾಗ ತಂದೆ ತಾಯಿ ಕೆಳಗೇ ಕಾವಲಿರುತ್ತವೆ. "ಆಗ ಗಾಳ ಹಾಕಬ್ಯಾಡ್ರಾ, ಪಾಪ ಸುತ್ತಿಕೊಳ್ತದೆ" ಅಂತ ಅಜ್ಜಿ ಬೈಯುತ್ತಿದ್ದರು. ಥಾಮಸ್ ದೊರೆಗೆ ನಮ್ಮ ಅಜ್ಜಿ ಸಿಕ್ಕಿದ್ದರೆ ಅರ್ಧ ಸಮಾಧಾನ ಆಗುತ್ತಿತ್ತೇನೋ.

ಈಗ ಕಾಟ್ಲಾ, ರೋಹು, ಮೃಗಾಲ್ ವಿಷಯಕ್ಕೆ ಬನ್ನಿ. ಇವತ್ತು ಕೆರೆ ಮೀನು ಅಂದರೆ ಇವೇ. ನಾನೂ ಬಹಳ ಕಾಲ ಇವು ನಮ್ಮವೇ ಅಂದುಕೊಂಡಿದ್ದೆ. ಅಲ್ಲ, ಇವು ಗಂಗಾ ಬಯಲಿನ ನದಿಗಳ ಮೀನುಗಳು. ಬೇಗ ಬೆಳೆಯುತ್ತವೆ, ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಸಾಕುವವನಿಗೆ ಇದಕ್ಕಿಂತ ಒಳ್ಳೆ ಮೀನಿಲ್ಲ. ಆದರೆ ಒಂದೇ ತೊಡಕು, ನಿಂತ ನೀರಿನಲ್ಲಿ ಇವು ತಾವಾಗಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಪ್ರವಾಹದ ನದಿಯೇ ಬೇಕು. ಹಾಗಾಗಿ ಹಿಂದೆ ಬಂಗಾಳದ ನದಿಗಳಲ್ಲಿ ಮರಿಗಳನ್ನು ಬಾಚಿ, ಮಣ್ಣಿನ ಹಂಡಿಗಳಲ್ಲಿ ತುಂಬಿ, ನೀರು ಕುಲುಕುತ್ತಾ ಕುಲುಕುತ್ತಾ ರೈಲಿನಲ್ಲಿ ಸಾಗಿಸುತ್ತಿದ್ದರು.

ಇದನ್ನು ಬದಲಿಸಿದವರು ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒರಿಸ್ಸಾದಲ್ಲಿ, ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಇಂಜೆಕ್ಷನ್ ಕೊಟ್ಟು, ಕೊಳದಲ್ಲೇ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡುವಂತೆ ಮಾಡಿದರು. ಬಹಳ ದೊಡ್ಡ ಕೆಲಸ ಅದು, 2001ರಿಂದ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ನದಿಗೆ ಹೋಗದೆ ಮರಿ ಸಿಗುವಂತಾಯಿತು. ನಮ್ಮ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟಿನಲ್ಲೂ ಮೀನು ಮರಿಯ ಫಾರಂ ಬಂತು. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಲೆಕ್ಕಕ್ಕೆ, ಚಿಕ್ಕವು ಪಂಚಾಯತಿಯ ಲೆಕ್ಕಕ್ಕೆ, ಎರಡಕ್ಕೂ ಹರಾಜು. ಎಷ್ಟೋ ಜನರ ಹೊಟ್ಟೆ ತುಂಬಿಸಿದ, ಎಷ್ಟೋ ಸಹಕಾರ ಸಂಘಗಳಿಗೆ ಜೀವ ಕೊಟ್ಟ ಕ್ರಾಂತಿ ಇದು, ನಾನು ತೆಗಳುತ್ತಿಲ್ಲ. ಆದರೆ ಪ್ರತಿ ವರ್ಷ ದುಡ್ಡು ಕೊಟ್ಟು ಮರಿ ತಂದು ಬಿಟ್ಟವನು ಕೆರೆಯನ್ನು ಹೊಲದ ಹಾಗೆ ನೋಡುತ್ತಾನೆ. ಬಿತ್ತಿದವನಿಗೆ ಬೆಳೆ. ನ್ಯಾಯವೇ ಅಲ್ಲವಾ?

ಅವನ ಮರಿ ಮಳೆಗಾಲದಲ್ಲಿ ಕೋಡಿಯಿಂದ ಹರಿದು ಹೋಗಬಾರದು. ಅದಕ್ಕೆ ಕೋಡಿಗೆ ಕಬ್ಬಿಣದ ಜಾಲರಿ. ಒಳಗಿನದು ಹೊರಗೆ ಹೋಗದ ಹಾಗೆ ಹಾಕಿದ ಜಾಲರಿ, ಹೊರಗಿನದು ಒಳಗೆ ಬರುವುದನ್ನೂ ತಡೆಯುತ್ತದೆ. ನಮ್ಮೂರ ಕೆರೆಗೆ ಜಾಲರಿ ಬಿದ್ದದ್ದು 1990ರಲ್ಲಿ.

ಮರುವರ್ಷ ಜೂನ್. ದೊಡ್ಡಪ್ಪ ಕೋಡಿಯ ಕೆಳಗೆ, ಜಾಲರಿಯಿಂದ ನಾಲ್ಕು ಮಾರು ದೂರದ ಗುಂಡಿಯಲ್ಲಿ ಗಾಳ ಹಾಕಿ ಕೂತಿದ್ದರು. ಹತ್ತಿ ಬಂದ ಮೀನು ಜಾಲರಿಗೆ ಮೂತಿ ಬಡಿದುಕೊಂಡು ಅಲ್ಲೇ ತಿರುಗುತ್ತಿತ್ತು. ಎರೆಹುಳದ ಡಬ್ಬಿ ಹಿಡಿದು ನಾನು ಪಕ್ಕದಲ್ಲಿ. ಗುತ್ತಿಗೆದಾರನ ಕಡೆಯ ಕಾವಲಿನವನು ಬಂದು ಗಾಳ ಕಿತ್ತುಕೊಂಡ. ಚೀಲ ಸುರಿಸಿದ. ಮೂರು ಮುರುಗೋಡು. ದೊಡ್ಡಪ್ಪ ಎದ್ದು ನಿಂತು ಬಹಳ ಸಮಾಧಾನದಿಂದಲೇ ಕೇಳಿದರು, "ಮುರುಗೋಡು ಯಾರು ಬಿಟ್ಟಿದ್ದನಾ? ನಿಮ್ಮ ಸಾವ್ಕಾರ ಬಿಟ್ಟಿದ್ದು ಕಾಟ್ಲಾ. ಕಾಟ್ಲಾ ಇದ್ರೆ ತೋರ್ಸು." ಅವನು ಉತ್ತರ ಕೊಡಲಿಲ್ಲ. ಆ ಸಂಜೆ ಊರ ನಾಲ್ಕು ಜನರ ಮುಂದೆ ಮಾತು ಬಂತು. ಕೆರೆಯ ಮೀನು ಗುತ್ತಿಗೆದಾರನದು, ಕೋಡಿಯ ಗುಂಡಿ ಕೆರೆಗೆ ಸೇರಿದ್ದು, 101 ರೂಪಾಯಿ ತಪ್ಪುದಂಡ. ದೊಡ್ಡಪ್ಪ ಅದೇ ಪ್ರಶ್ನೆ ಮತ್ತೆ ಕೇಳಿದರು. ಯಾರೋ ನಕ್ಕರು. ಅವರು ಮನೆಗೆ ಬಂದು ದೊಡ್ಡಮ್ಮನ ಹತ್ತಿರ ಅಡಿಕೆ ಕೊಯ್ಲಿನ ಕೂಲಿಯ ದುಡ್ಡು ಇಸ್ಕೊಂಡು ಹೋಗಿ ಕಟ್ಟಿದರು. ಮಾರನೆಯ ದಿನ ಕೂಣಿ ಅಟ್ಟಕ್ಕೆ ಹೋಯಿತು. ಗಾಳವನ್ನಂತೂ ಮತ್ತೆ ಮುಟ್ಟಲಿಲ್ಲ. ಬರೀ ದುಡ್ಡಿನ ಮಾತಾಗಿದ್ದರೆ ಮರೆಯುತ್ತಿದ್ದರು. "ಕಳ್ಳ" ಅನ್ನೋ ಮಾತು ಬಂದಿತ್ತು, ಅದೂ ನನ್ನ ಎದುರಿಗೆ.

ದೊಡ್ಡಪ್ಪ 2008ರಲ್ಲಿ ಹೋದರು. ಆಮೇಲೆ ಯಾವುದೋ ಬೇರೆ ವಿಷಯ ಹುಡುಕುವಾಗ ಕಾನೂನಿನ ಪುಸ್ತಕವೊಂದರಲ್ಲಿ ನನಗೆ ಇದರ ಉತ್ತರ ಸಿಕ್ಕಿತು. 1860ರ ದಂಡಸಂಹಿತೆಯ ಕಳ್ಳತನದ ಕಲಂ (2024ರ ಜುಲೈಯಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ) ಮೀನಿಗೆ ಹೇಗೆ ಹೊಂದುತ್ತದೆ ಅನ್ನೋದರ ಮೇಲೆ ಬ್ರಿಟಿಷರ ಕಾಲದ ಕೋರ್ಟುಗಳೇ ತಲೆ ಕೆಡಿಸಿಕೊಂಡಿದ್ದವು. ಅವರು ಎಳೆದ ಗೆರೆ ಇದು: ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದ ನೀರಿನಲ್ಲಿರುವ ಮೀನು ಆ ನೀರು ಯಾರ ವಶದಲ್ಲಿದೆಯೋ ಅವರದು, ತೆಗೆದರೆ ಕಳ್ಳತನ. ಬರಲು ಹೋಗಲು ದಾರಿ ಇರುವ ನೀರಿನ ಮೀನು ಕಾಡಿನ ಪ್ರಾಣಿಯ ಹಾಗೆ, ಹಿಡಿಯುವ ತನಕ ಯಾರದ್ದೂ ಅಲ್ಲ. ಗುತ್ತಿಗೆಯ ಹಕ್ಕನ್ನು ಮುರಿದರೆ ಅದು ಬೇರೆ ತಪ್ಪು, ಅದರ ಲೆಕ್ಕ ಬೇರೆ.

ಅಂದರೆ ಎಲ್ಲ ನಿಂತಿದ್ದು ಆ ಜಾಲರಿಯ ಮೇಲೆ! ಅದರ ಮೇಲಿನ ಮೀನು ಸಾವ್ಕಾರನದು, ಕೆಳಗಿನದು ಮಳೆಯದು. ದೊಡ್ಡಪ್ಪ ಕೂತಿದ್ದು ಕೆಳಗೆ. ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಹೇಳೋಣ ಅಂದರೆ ಯಾರಿಗೆ ಹೇಳಲಿ. ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹೌದನಾ? ಅವ್ರಿಗೆ ಗೊತ್ತಿತ್ತು ಬಿಡು" ಅಂದರು.

ಕೆರೆಬೇಟೆ ಈಗಲೂ ನಮ್ಮ ಕಡೆ ನಡೆಯುತ್ತದೆ. ಜನ ಬೈಕು, ಟೆಂಪೋಗಳಲ್ಲಿ ಬರುತ್ತಾರೆ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ, ಕೂಣಿಯ ದರ ಕೆಲವು ಕಡೆ ನೂರುಗಳಲ್ಲಿದೆ. ಮೊದಲೇ ಮರಿ ಬಿಟ್ಟು ಬೆಳೆಸಿದ ಕೆರೆಯಲ್ಲಿ ಬೇಟೆ ಇಡುವುದೂ ಇದೆ. ದುಡ್ಡು ಕೊಟ್ಟವನಿಗೆ ಮೀನು ಸಿಗದಿದ್ದರೆ ಸಿಟ್ಟು. ನಾಲ್ಕು ವರ್ಷದ ಹಿಂದೆ ನಾನು ನೋಡಲು ಹೋದ ಒಂದು ಕೆರೆಯಲ್ಲಿ "ರಾತ್ರಿನೇ ಬಲೆ ಹಾಕಿ ಎತ್ತಿದಾರೆ" ಅಂತ ಗುಲ್ಲೆದ್ದು ಹೊಡೆದಾಟದ ತನಕ ಹೋಯಿತು. 1987ರಲ್ಲಿ ಚೇಳು ಮೀನು ಚುಚ್ಚಿಸಿಕೊಂಡ ನನಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ, ಮೀನಿನ ಮೇಲೆ ಬಿಟ್ಟು.

ಮೊನ್ನೆ ಭಾನುವಾರ ನಮ್ಮ ಬಡಾವಣೆಯ ಕೆರೆಗೆ ವಾಕಿಂಗ್ ಹೋಗಿದ್ದೆ. ಸುತ್ತ ಬೇಲಿ, ಗೇಟಿನಲ್ಲಿ ಮೀನು ಹಿಡಿಯಬಾರದು ಅನ್ನೋ ಬೋರ್ಡು. ಹಿಂಭಾಗದಲ್ಲಿ ಬೇಲಿ ಹರಿದ ಜಾಗದಲ್ಲಿ ಹತ್ತು ಹನ್ನೆರಡರ ಹುಡುಗನೊಬ್ಬ ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿ, ಚಪಾತಿ ಹಿಟ್ಟು ಚುಚ್ಚಿ ಎಸೆದು ಕೂತಿದ್ದ. ಪಕ್ಕದ ಪ್ಲಾಸ್ಟಿಕ್ ಕವರಿನಲ್ಲಿ ಅಂಗೈ ಅಗಲದ ನಾಲ್ಕು ಜಿಲೇಬಿ. ತಿಲಾಪಿಯಾ ಅಂದರೂ ಅದೇ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ಬಂತು. ಮರಿಗಳನ್ನು ಬಾಯಲ್ಲೇ ಇಟ್ಟು ಕಾಪಾಡುತ್ತದೆ. ಕಾಟ್ಲಾದ ಹಾಗಲ್ಲ, ಎಂಥ ಕೊಳಕು ನಿಂತ ನೀರಿನಲ್ಲೂ ತಾನೇ ಹೆಚ್ಚುತ್ತದೆ. ಹೆಚ್ಚಿ ಹೆಚ್ಚಿ ಬೇರೆ ಮೀನಿಗೆ ಜಾಗವಿಲ್ಲದ ಹಾಗೆ ಮಾಡುತ್ತದೆ ಅಂತ ತಜ್ಞರ ದೂರು.

ಗಾರ್ಡ್ ಪೀಪಿ ಊದುತ್ತಾ ಬಂದ. ಹುಡುಗ ಕವರು ಹಿಡಿದು ಬೇಲಿಯ ಆಚೆ ಹಾರಿದ. ನಾನು ಗಾರ್ಡನ್ನು ಕೇಳಿದೆ, "ಈ ಜಿಲೇಬಿ ಯಾರು ಬಿಟ್ಟಿದ್ದು ಇಲ್ಲಿ?"

"ಯಾರೂ ಬಿಟ್ಟಿಲ್ಲ ಸಾರ್. ಅದೇ ಆಗ್ತದೆ."

ಅವನು ಆ ಕಡೆ ತಿರುಗಿದ ಮೇಲೆ ಹುಡುಗ ವಾಪಸ್ ಬಂದು, ಸ್ವಲ್ಪ ಪಕ್ಕಕ್ಕೆ ಸರಿದು, ಮತ್ತೆ ದಾರ ಎಸೆದ.